ಮರ್ಫಿ ಟೌನಿನ ಮನೆಗಳೂ ನಕ್ಷೆಯ ಪಂದ್ಯವೂ



ಪಂದ್ಯವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ದಸರೆಯ ಕುಸ್ತಿಯ ಅಖಾಡ, ಇಲ್ಲವೆ ಕುದುರೆಯ ಜೂಜು. ಮನೆ ಕಟ್ಟುವ ಕೆಲಸಕ್ಕೂ ಪಂದ್ಯಕ್ಕೂ ಸಂಬಂಧವೇನೆಂದು ಕೆಲವರಾದರೂ ಆಶ್ಚರ್ಯಪಡಬಹುದು. ನಮ್ಮ ಮನೆಯನ್ನು ನಾವು ಕಟ್ಟಿಸುವಾಗ ಗೊತ್ತಿರುವ ಇಂಜನಿಯರರನ್ನೋ ಮೇಸ್ತ್ರಿಯನ್ನೋ ಕರೆದು ಮಾತನಾಡಿ ಮುಗಿಸುತ್ತೇವೆ. ಆದರೆ ಸಾರ್ವಜನಿಕರ ಹಣದಿಂದ, ಸಾರ್ವಜನಿಕರ ನೆಲದ ಮೇಲೆ, ನೂರಾರು ಸಂಸಾರಗಳ ಬಾಳನ್ನು ಮುಟ್ಟುವ ಕಟ್ಟಡವನ್ನು ಎಬ್ಬಿಸುವಾಗ ಯಾರ ನಕ್ಷೆಯನ್ನು ಆರಿಸಬೇಕು, ಯಾರು ಆರಿಸಬೇಕು, ಆರಿಸುವವರ ಮುಂದೆ ಯಾವ ಪ್ರಶ್ನೆಯನ್ನು ಇಡಬೇಕು ಎಂಬುದು ಅಷ್ಟು ಸುಲಭವಾಗಿ ಮುಗಿಯುವ ಮಾತಲ್ಲ. ಈ ಕಾಲು ಗಂಟೆಯಲ್ಲಿ ನಾವು ಆ ಮಾತನ್ನೇ ಎತ್ತಿಕೊಂಡಿದ್ದೇವೆ. ಸುಮ್ಮನೆ ಗಾಳಿಯಲ್ಲಿ ಮಾತನಾಡುವುದಕ್ಕಿಂತ ಕಣ್ಣಿಗೆ ಕಾಣುವ ಒಂದು ಊರನ್ನು ಹಿಡಿದುಕೊಂಡು ಹೇಳುವುದು ಲೇಸೆಂದು, ಬೆಂಗಳೂರು ದಂಡಿನ ಪೂರ್ವಭಾಗದಲ್ಲಿ ಹಲಸೂರಿನ ಮಗ್ಗುಲಲ್ಲಿರುವ ಮರ್ಫಿ ಟೌನನ್ನು ಆರಿಸಿಕೊಂಡಿರುವೆವು.

ಮೊದಲು ಸ್ವಲ್ಪ ಪೂರ್ವಕಥೆ ಬೇಕು. 1881ರಲ್ಲಿ ಮೈಸೂರು ಸೀಮೆ ಮತ್ತೆ ಒಡೆಯರ ಕೈಸೇರಿದಾಗ ದಂಡಿನ ಪ್ರದೇಶ ಮಾತ್ರ ಆಂಗ್ಲ ರೆಸಿಡೆಂಟರ ಅಧೀನದಲ್ಲಿ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಉಳಿಯಿತು. ಸಂಸ್ಥಾನಕ್ಕೆ ಅದು ಹಿಂತಿರುಗಿ ಬಂದದ್ದು 1947ರ ಜುಲೈ ತಿಂಗಳಲ್ಲಿ. ಪೇಟೆಯೂ ದಂಡೂ ಒಂದೇ ನಗರಸಭೆಯ ಕೆಳಗೆ ಬಂದದ್ದು 1949ರಲ್ಲಿ. ಹೀಗೆ ಎರಡು ಆಡಳಿತಗಳಾಗಿದ್ದ ಊರನ್ನು 1898ರಲ್ಲಿ ಒಂದೇ ಶತ್ರು ಮುತ್ತಿತು. ಅದು ಪ್ಲೇಗು. ಮಾರಿಗೆ ಪೇಟೆ ದಂಡು ಎಂಬ ಭೇದವಿರಲಿಲ್ಲ. ಆದರೆ ಇಕ್ಕಟ್ಟಿನ ಗಲ್ಲಿಗೂ ವಿಶಾಲವಾದ ಬಂಗಲೆಗೂ ನಡುವೆ ಅದು ಭೇದವನ್ನು ಚೆನ್ನಾಗಿಯೇ ಬಲ್ಲದು. ದಂಡಿನ ಹಿಂದುಗಡೆಯಲ್ಲಿ, ಗಾಳಿ ಬೆಳಕಿಲ್ಲದ ಗೂಡುಗಳಲ್ಲಿ, ಸೈನ್ಯಕ್ಕೂ ಬಂಗಲೆಗಳಿಗೂ ಊಳಿಗ ಮಾಡುವ ಜನ ಒಬ್ಬರ ಮೇಲೊಬ್ಬರು ಬಿದ್ದಂತೆ ವಾಸವಾಗಿದ್ದರು. ಬೇನೆ ಅಲ್ಲಿ ಬೇರುಬಿಟ್ಟಿತು.

ಈ ಪೆಟ್ಟಿನಿಂದ ಎಚ್ಚೆತ್ತ ಅಧಿಕಾರಿಗಳು ಹೊಸ ಬಡಾವಣೆಗಳ ಕಡೆಗೆ ಮನಸ್ಸು ಕೊಟ್ಟರು. ಅವುಗಳಲ್ಲಿ ಹೆಸರಾದದ್ದು 1910ರಲ್ಲಿ ಆರಂಭವಾದ ಫ್ರೇಜರ್ ಟೌನು. ಆ ಕಾಲದ ರೆಸಿಡೆಂಟರಾಗಿದ್ದ, ಅದಕ್ಕೂ ಮೊದಲು ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ಬೋಧಕರಾಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರು ಅದಕ್ಕೆ ಬಂದಿತು. ಈಗ ಕಾಗದಪತ್ರಗಳಲ್ಲಿ ಅದು ಪುಲಕೇಶಿ ನಗರ. ದಂಡಿನ ಮುನಿಸಿಪಾಲಿಟಿಯ ಇಂಜನಿಯರ್ ಜೆ. ಎಚ್. ಸ್ಟೀಫನ್ಸ್ ಎಂಬವರು ಅದನ್ನು ಪ್ಲೇಗು ನುಗ್ಗದ ಊರಾಗಿ ಕಲ್ಪಿಸಿದರು. ಇಲಿ ಬಿಲ ತೋಡದಂತೆ ಗಟ್ಟಿಯಾದ ನೆಲಗಟ್ಟು, ಕೋಣೆಗೆ ಗಾಳಿಯಾಡುವ ಕಿಟಕಿ, ಮನೆಗೂ ಮನೆಗೂ ನಡುವೆ ಬಯಲು, ನೇರವಾದ ಬೀದಿ. ತಾವು ಮಾಡಿದ ಕೆಲಸವನ್ನು ವಿವರಿಸಿ ಅವರು 1914ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದರು. ವೈದ್ಯರ ಕೆಲಸವನ್ನು ಇಂಜನಿಯರರು ಮಾಡಿದರೆಂದೇ ಹೇಳಬಹುದು. ಆದರೆ ಒಂದು ಮಾತನ್ನು ಮುಚ್ಚಿಡಲಾಗದು. ಇಂಥ ಬಡಾವಣೆಗಳಲ್ಲಿ ನಿವೇಶನ ಕೊಂಡು ಮನೆ ಕಟ್ಟಿಸಿಕೊಂಡವರು ಕಟ್ಟಿಸಿಕೊಳ್ಳಬಲ್ಲವರು. ಪ್ಲೇಗಿನಿಂದ ಹೆಚ್ಚು ನೊಂದ ಬಡವರ ಪಾಲಿಗೆ ಸರದಿ ಬಂದದ್ದು ಬಹಳ ತಡವಾಗಿ.

ಆ ಸರದಿಯ ಹೆಸರೇ ಮರ್ಫಿ ಟೌನು. ಅಲ್ಲಿ ಹಿಂದೆ ಇದ್ದದ್ದು ನಾಕ್ಸ್‌ಪೇಟೆಯೆಂಬ ಊರು. ಬೀದಿ ಗುಡಿಸುವ, ಚರಂಡಿ ತೆಗೆಯುವ, ಕಸ ಹೊರುವ ಮುನಿಸಿಪಲ್ ಕೆಲಸಗಾರರಿಗೆ ನೆಲೆಯಾದ ಬೀದಿಗಳು ಅಲ್ಲಿಯವು. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಸ್ಟೇಷನ್ನಿನ ಇಂಜನಿಯರಾಗಿದ್ದ ಡಬ್ಲ್ಯು. ಎಚ್. ಮರ್ಫಿಯವರು ಅಲ್ಲಿ ಹೊಸ ಬೀದಿಗಳನ್ನು ಎಳೆದು, ಕಡಿಮೆ ವೆಚ್ಚದ ಸಾಲುಮನೆಗಳನ್ನು ಕಟ್ಟಿಸಿದರು. ಊರಿಗೆ ಅವರ ಹೆಸರೇ ನಿಂತಿತು. ಊರನ್ನು ಶುಚಿಯಾಗಿಡುವ ಜನರಿಗೆ ಶುಚಿಯಾದ ಮನೆ ಬೇಕೆಂಬ ನ್ಯಾಯ ಸರಕಾರಿ ನಕ್ಷೆಯೊಂದರಲ್ಲಿ ಒಪ್ಪಿಗೆಯಾದದ್ದು ಸಣ್ಣ ಸಂಗತಿಯಲ್ಲ; ಆದ್ದರಿಂದಲೇ ನಾವು ಅದನ್ನು ಚಾರಿತ್ರಿಕವಾದ ಬಡಾವಣೆಯೆಂದು ಕರೆಯುತ್ತೇವೆ. ಅರಮನೆ ಚರ್ಚುಗಳಿಗೆ ಮಾತ್ರ ಚರಿತ್ರೆಯಿರುವುದೆಂದು ಭಾವಿಸುವವರು ಉಂಟು. ಅವರೊಡನೆ ನಮಗೆ ಜಗಳವಿಲ್ಲ, ಒಪ್ಪಿಗೆಯೂ ಇಲ್ಲ.

ಇಷ್ಟು ಕಾಲದ ಮೇಲೆ ಆ ಊರಿನ ಸ್ಥಿತಿಯೇನು? ಒಬ್ಬ ಮಗನಿದ್ದ ಮನೆಯಲ್ಲಿ ಮೂವರು ಮೊಮ್ಮಕ್ಕಳ ಸಂಸಾರಗಳಿವೆ. ಹಿತ್ತಿಲು ಕೋಣೆಯಾಗಿದೆ, ಜಗಲಿ ಅಡಿಗೆಮನೆಯಾಗಿದೆ. ಹೆಂಚಿನ ಮಾಡನ್ನು ಇಳಿಸಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿದವರೂ ಉಂಟು. ಶ್ರೀಮಂತರ ಇಂದಿರಾನಗರ ಕೂಗಳತೆಯಲ್ಲಿದೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಮೆಟ್ರೊ ಗಾಡಿ ಓಡತೊಡಗಿದ ಮೇಲೆ, ಹಲಸೂರಿನ ನಿಲ್ದಾಣಕ್ಕೆ ಸಮೀಪವಾದ ನೆಲವೆಲ್ಲ ಬಂಗಾರವಾಯಿತು. ಬಡವನ ಕಾಲಕೆಳಗಿನ ನೆಲ ಬಂಗಾರವಾಗುವುದು ಅವನ ಭಾಗ್ಯವೋ ದುರದೃಷ್ಟವೋ ಹೇಳುವುದು ಕಷ್ಟ. ಅಂಥ ನೆಲದ ಮೇಲೆ ಹಲವರ ಕಣ್ಣು ಬೀಳುವುದಂತೂ ನಿಶ್ಚಯ.

ಮುಂದೇನು ಮಾಡಬೇಕು? ಇದ್ದುದನ್ನು ಇದ್ದಂತೆಯೇ ಬಿಡುವುದೊಂದು ದಾರಿ. ಅದು ದಾರಿಯಲ್ಲ, ಸೋರುವ ಮಾಡಿಗೂ ಕಟ್ಟಿದ ಚರಂಡಿಗೂ ನಾವು ಚರಿತ್ರೆಯ ಗೌರವ ಸಲ್ಲಿಸಬೇಕಾಗಿಲ್ಲ. ಎಲ್ಲವನ್ನೂ ಕೆಡವಿ, ಕಡಿಮೆ ದರ ಕೂಗಿದ ಗುತ್ತಿಗೆದಾರನಿಗೋ, ನೆಲದಲ್ಲಿ ಪಾಲು ಬೇಡುವ ಬಂಡವಾಳಗಾರನಿಗೋ ಒಪ್ಪಿಸಿಬಿಡುವುದು ಎರಡನೆಯ ದಾರಿ. ಇದರ ಫಲವನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಬಡವರಿಗಾಗಿ 1990ರ ದಶಕದ ಆರಂಭದಲ್ಲಿ ಸುಮಾರು 1,500 ಮನೆಗಳ ವಸತಿಸಮೂಹವನ್ನು ಕಟ್ಟಿಸಲಾಗಿತ್ತು. ಇಪ್ಪತ್ತು ವರ್ಷ ತುಂಬುವುದಕ್ಕೆ ಮುಂಚೆಯೇ ಕಟ್ಟಡಗಳು ಶಿಥಿಲವಾದವು. 2007ರಲ್ಲಿ ಒಂದು ಕುಸಿದೇಬಿದ್ದಿತು. ಮರುನಿರ್ಮಾಣವನ್ನು ಖಾಸಗಿಯವರ ಸಹಭಾಗಿತ್ವಕ್ಕೆ ವಹಿಸಿ, ನೆಲದ ಒಂದು ಭಾಗದಲ್ಲಿ ಬಡವರ ಮನೆ, ಇನ್ನೊಂದರಲ್ಲಿ ವ್ಯಾಪಾರ ಎಂಬ ಕರಾರಾಯಿತು. 2013ರ ಜನವರಿಯಲ್ಲಿ ಅಲ್ಲಿ ತಗಡಿನ ಶೆಡ್ಡುಗಳಲ್ಲಿ ಉಳಿದಿದ್ದ ಸಂಸಾರಗಳನ್ನು ಪೊಲೀಸರ ಕಾವಲಿನಲ್ಲಿ ಎಬ್ಬಿಸಲಾಯಿತು. ಅನಂತರ ವರ್ಷಾನುವರ್ಷ ಆ ನೆಲ ಬರಿದಾಗಿ ಬಿದ್ದಿತ್ತು. ಈ ಕಥೆಯಲ್ಲಿ ಯಾರು ಎಷ್ಟು ತಪ್ಪಿದರೆಂಬ ವಿಚಾರಣೆ ನಮ್ಮ ಕೆಲಸವಲ್ಲ. ಒಂದನ್ನು ಮಾತ್ರ ಗಮನಿಸೋಣ: ಇಷ್ಟು ದೊಡ್ಡ ವ್ಯವಹಾರದಲ್ಲಿ ನೆಲದ ಹಂಚಿಕೆಗೆ ಸಂದ ಗಮನ ಮನೆಯ ನಕ್ಷೆಗೆ ಸಲ್ಲಲಿಲ್ಲ. ಆ ಮನೆಯೊಳಗೆ ಬಾಳುವುದು ಹೇಗೆ ಎಂಬುದು ಊರಿನ ಮುಂದೆ ಚರ್ಚೆಗೆ ಬರಲೇ ಇಲ್ಲ.

ನಕ್ಷೆಯ ಪಂದ್ಯ ಮೂರನೆಯ ದಾರಿ. ಅದರ ಕ್ರಮ ಸರಳವಾದುದು. ನೆಲದ ಒಡೆತನ ಯಾರದೋ ಆ ಸಂಸ್ಥೆ ತನಗೆ ಬೇಕಾದುದೇನೆಂಬುದನ್ನು ಒಂದು ವಿಜ್ಞಾಪನೆಯಲ್ಲಿ ಬರೆದು ಪ್ರಕಟಿಸುತ್ತದೆ. ವಾಸ್ತುಶಿಲ್ಪಿಗಳು ನಕ್ಷೆಗಳನ್ನು ಕಳುಹಿಸುತ್ತಾರೆ. ನಕ್ಷೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಹೆಸರಿನ ಲಕೋಟೆ ಮೊಹರಾಗಿ ಬೇರೆ ಇರುತ್ತದೆ. ತೀರ್ಪುಗಾರರು ಆರಿಸಿದ ಮೇಲೆ ಲಕೋಟೆಯನ್ನು ಒಡೆಯುತ್ತಾರೆ. ಆಗ ಹೆಸರಾಂತ ಮುದುಕನೂ ನಿನ್ನೆ ಕಾಲೇಜು ಬಿಟ್ಟ ಹುಡುಗಿಯೂ ಒಂದೇ ಸಾಲಿನಲ್ಲಿ ನಿಂತಂತಾಯಿತು. ನಮ್ಮ ದೇಶದಲ್ಲಿ 1972ರ ಶಾಸನದಿಂದ ಹುಟ್ಟಿದ ವಾಸ್ತುಶಿಲ್ಪ ಪರಿಷತ್ತು ಇಂಥ ಪಂದ್ಯಗಳಿಗೆ ನಿಯಮಗಳನ್ನೂ ಮಾಡಿದೆ. ಯೋಜನೆ ದೊಡ್ಡದಾದರೆ ಪಂದ್ಯ ಎರಡು ಸುತ್ತಿನದಾಗುತ್ತದೆ: ಮೊದಲ ಸುತ್ತಿಗೆ ಬರಿಯ ಕಲ್ಪನೆ, ಎರಡನೆಯದಕ್ಕೆ ಆಯ್ದ ಕೆಲವರಿಂದ ಸಂಭಾವನೆ ಕೊಟ್ಟು ವಿವರವಾದ ನಕ್ಷೆ.

ಇದು ಪುಸ್ತಕದ ಮಾತೆಂದು ಯಾರೂ ಎಣಿಸಬೇಕಾಗಿಲ್ಲ. 1946ರಲ್ಲಿ, ಲಂಡನ್ ನಗರ ಬಾಂಬಿನ ಗಾಯದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗ, ವೆಸ್ಟ್‌ಮಿನ್‌ಸ್ಟರಿನ ನಗರಸಭೆಯವರು ಪಿಮ್ಲಿಕೊ ಎಂಬ ಕಡೆ ವಸತಿಸಮೂಹಕ್ಕಾಗಿ ಪಂದ್ಯ ನಡೆಸಿದರು. ಗೆದ್ದವರು ಫಿಲಿಪ್ ಪೊವೆಲ್ ಮತ್ತು ಹಿಡಾಲ್ಗೊ ಮೋಯ ಎಂಬ ಇಬ್ಬರು ತರುಣರು. ಇಬ್ಬರಿಗೂ ಇಪ್ಪತ್ತೈದರ ಆಸುಪಾಸು. ಅವರು ಕಟ್ಟಿದ ಚರ್ಚಿಲ್ ಗಾರ್ಡನ್ಸಿನಲ್ಲಿ ಸುಮಾರು 1,600 ಮನೆಗಳು. ಥೇಮ್ಸ್ ನದಿಯ ಆಚೆ ದಡದ ವಿದ್ಯುತ್ ಕಾರ್ಖಾನೆಯಲ್ಲಿ ವ್ಯರ್ಥವಾಗಿ ಹೋಗುತ್ತಿದ್ದ ಶಾಖವನ್ನು ನದಿಯ ಅಡಿಯಿಂದ ಕೊಳಾಯಿಯಲ್ಲಿ ತಂದು ಆ ಮನೆಗಳನ್ನು ಬೆಚ್ಚಗೆ ಮಾಡಿದರು. ಹೆಸರಿಲ್ಲದ ತರುಣರಿಗೆ ಇಂಥ ಕೆಲಸವನ್ನು ಯಾವ ನಗರಸಭೆಯೂ ಪಂದ್ಯವಿಲ್ಲದೆ ಕೊಡುತ್ತಿರಲಿಲ್ಲ. ಆದರೆ ಅಲ್ಲಿ ಹಳೆಯ ಸಾಲುಮನೆಗಳನ್ನು ತೆಗೆದೇ ಹೊಸದನ್ನು ಕಟ್ಟಿದರೆಂಬುದನ್ನೂ ಹೇಳಬೇಕು.

ನಮಗೆ ಹೆಚ್ಚು ಹತ್ತಿರವಾದ ಪಾಠ ಪ್ಯಾರಿಸಿನದು. ಆ ನಗರದ ಉತ್ತರದ ಅಂಚಿನಲ್ಲಿ 1960ರ ಸುಮಾರಿಗೆ ಕಟ್ಟಿದ, ನೂರರಷ್ಟು ಬಾಡಿಗೆ ಮನೆಗಳ ಒಂದು ಎತ್ತರದ ಕಟ್ಟಡ, ಹೆಸರು ಬ್ವಾ-ಲೆ-ಪ್ರೆತ್ರ್. ಕಳೆಗುಂದಿದ ಅದನ್ನು ಕೆಡವುವ ಮಾತು ನಡೆದಿತ್ತು. 2005ರಲ್ಲಿ ಪಂದ್ಯವಾಯಿತು. ಗೆದ್ದ ನಕ್ಷೆ ಫ್ರೆಡರಿಕ್ ದ್ರುಒ, ಆನ್ ಲಕಾಟನ್ ಮತ್ತು ಝಾಂ-ಫಿಲಿಪ್ ವಸಾಲ್ ಅವರದು. ಅವರು ಕೆಡವಲಿಲ್ಲ. ಹಳೆಯ ಗೋಡೆಯನ್ನು ತೆಗೆದು, ಹೊರಗಡೆಯಿಂದ ಸುಮಾರು 3 ಮೀಟರು ಆಳದ ಗಾಜಿನ ಪಡಸಾಲೆಯನ್ನೂ ಮೊಗಸಾಲೆಯನ್ನೂ ಪ್ರತಿ ಮನೆಗೂ ತೊಡಿಸಿದರು. ಮನೆ ದೊಡ್ಡದಾಯಿತು, ಬೆಳಕು ಬಂದಿತು, ಕಾಯಿಸುವ ಖರ್ಚು ಇಳಿಯಿತು. ಕೆಡವಿ ಕಟ್ಟುವುದಕ್ಕಿಂತ ವೆಚ್ಚವೂ ಕಡಿಮೆಯಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, 2011ರಲ್ಲಿ ಕೆಲಸ ಮುಗಿಯುವವರೆಗೂ ಬಾಡಿಗೆದಾರರು ಅಲ್ಲಿಯೇ ಇದ್ದರು. ಲಕಾಟನ್ ಮತ್ತು ವಸಾಲ್ ಅವರಿಗೆ 2021ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಬಹುಮಾನ ಬಂದಿತು. ಪಂದ್ಯವಿಲ್ಲದಿದ್ದರೆ, ಕೆಡವುವುದೇ ಸರಿಯೆಂದು ನಂಬಿದವರ ಮುಂದೆ ಕೆಡವಬೇಡಿರೆಂಬ ನಕ್ಷೆಯನ್ನು ಹಿಡಿಯುವ ಅವಕಾಶವೇ ಯಾರಿಗೂ ದೊರೆಯುತ್ತಿರಲಿಲ್ಲ.

ನಮ್ಮ ಊರಲ್ಲಿಯೇ ಪಂದ್ಯದ ಫಲವೊಂದು ಕಣ್ಣ ಮುಂದೆ ಇದೆ. ಗಾಂಧಿನಗರದ ಸಮೀಪದ ಹಳೆಯ ಸೆಂಟ್ರಲ್ ಜೈಲು, ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ, ಖಾಲಿಯಾಯಿತು. ಅದನ್ನೇನು ಮಾಡಬೇಕೆಂದು ನಕ್ಷೆಗಳನ್ನು ಆಹ್ವಾನಿಸಿದಾಗ ಬೆಂಗಳೂರಿನವರೇ ಆದ ಮ್ಯಾಥ್ಯೂ ಮತ್ತು ಘೋಷ್ ವಾಸ್ತುಶಿಲ್ಪಿಗಳದು ಆಯ್ಕೆಯಾಯಿತು. 2008ರಲ್ಲಿ ಫ್ರೀಡಂ ಪಾರ್ಕ್ ತೆರೆಯಿತು. ಕಾವಲು ಗೋಪುರ ಉಳಿಯಿತು, ಕೆಲವು ಬಂದೀಖಾನೆಗಳೂ ಗೋಡೆಗಳೂ ಉಳಿದವು. ಜನ ಗುಂಪುಗೂಡಿ ತಮ್ಮ ಅಹವಾಲನ್ನು ಕೂಗಿ ಹೇಳುವುದಕ್ಕೂ ಜಾಗವಾಯಿತು. ನಾವು ಅದನ್ನು ಮೆಚ್ಚುತ್ತೇವೆ. ಆದರೆ ಅದನ್ನೇ ಮಾದರಿಯಾಗಿ ಹಿಡಿದು ಮರ್ಫಿ ಟೌನಿಗೆ ಹೊರಟರೆ ಎಡವುತ್ತೇವೆ. ಜೈಲಿನ ಹಳೆಯ ನಿವಾಸಿಗಳ ಅಭಿಪ್ರಾಯವನ್ನು ಯಾರೂ ಕೇಳಬೇಕಾಗಿರಲಿಲ್ಲ. ಅವರಿಗೆ ಹಿಂತಿರುಗುವ ಬಯಕೆಯೂ ಇದ್ದಿರಲಾರದು! ಮನೆಗಳ ಸಂಗತಿ ಹಾಗಲ್ಲ. ಅಲ್ಲಿ ಇದ್ದವರು ಇದ್ದಾರೆ, ಇರಬೇಕೆನ್ನುತ್ತಾರೆ.

ಇಲ್ಲಿಯೇ ಪಂದ್ಯದ ದೊಡ್ಡ ಅಪಾಯವಿರುವುದು. ನಕ್ಷೆ ಚಿತ್ರವಾಗಿ ಬರುತ್ತದೆ; ಚಿತ್ರ ಕಣ್ಣನ್ನು ಸೆಳೆಯುತ್ತದೆ. ಕಾಗದದ ಮೇಲೆ ಮರಗಳು ಯಾವಾಗಲೂ ಹಸುರಾಗಿರುತ್ತವೆ, ಮಕ್ಕಳು ಯಾವಾಗಲೂ ನಗುತ್ತಿರುತ್ತಾರೆ; ಒಣಗಹಾಕಿದ ಸೀರೆ, ಗೋಡೆಗೆ ಒರಗಿಸಿದ ಪೊರಕೆ, ತಳ್ಳುಗಾಡಿ, ನೀರಿನ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು ಇವು ಯಾವುವೂ ಕಾಣುವುದಿಲ್ಲ. ಅಂಥ ಚಿತ್ರವನ್ನು ಆರಿಸಿ ಕಟ್ಟಿದ ಮೇಲೆ ತಳ್ಳುಗಾಡಿ ನಿಲ್ಲಿಸಲು ಸ್ಥಳವಿಲ್ಲವೆಂದು ತಿಳಿದರೆ ತೀರ್ಪುಗಾರರು ಬಂದು ಅದನ್ನು ನಾಲ್ಕನೆಯ ಅಂತಸ್ತಿಗೆ ಹೊರುವರೆ? ಆದಕಾರಣ ನಮ್ಮ ಅಭಿಪ್ರಾಯದಲ್ಲಿ ಪಂದ್ಯದ ಪ್ರಾಣ ನಕ್ಷೆಯಲ್ಲಿ ಇಲ್ಲ, ಅದಕ್ಕೆ ಮುಂಚೆ ಬರೆಯುವ ವಿಜ್ಞಾಪನೆಯಲ್ಲಿದೆ. ಪ್ರಶ್ನೆಪತ್ರಿಕೆ ಕೆಟ್ಟರೆ ಜಾಣ ವಿದ್ಯಾರ್ಥಿಯ ಉತ್ತರವೂ ಕೆಡುತ್ತದೆಂಬುದನ್ನು ಮಾಸ್ತರರಾದವರೆಲ್ಲ ಬಲ್ಲರು.

ಮರ್ಫಿ ಟೌನಿನ ವಿಜ್ಞಾಪನೆಯಲ್ಲಿ ಏನಿರಬೇಕು? ಮೊದಲನೆಯದಾಗಿ, ಮನೆ ಯಾರ ಹೆಸರಿನಲ್ಲಿದೆ, ಒಡೆತನವೇ, ಬಾಡಿಗೆಯೇ, ಕೆಲಸದೊಡನೆ ಬಂದ ಹಕ್ಕೇ ಎಂಬುದನ್ನು ಒಂದೊಂದು ಬಾಗಿಲಿಗೂ ಹೋಗಿ ತಿಳಿದು, ಬರೆದು, ಮೊಹರು ಮಾಡಿ ಆಮೇಲೆಯೇ ಪಂದ್ಯವನ್ನು ಸಾರತಕ್ಕದ್ದು. ಇದಕ್ಕೆ ವಾಸ್ತುಶಿಲ್ಪಿ ಬೇಕಾಗಿಲ್ಲ; ತಾಳ್ಮೆಯುಳ್ಳ ಶಾನುಭೋಗರ ಬುದ್ಧಿ ಬೇಕು. ಹಕ್ಕುಪತ್ರವಿಲ್ಲದೆ ನಕ್ಷೆ ಬಂದರೆ ಅದು ಎಷ್ಟೇ ಸುಂದರವಾಗಿರಲಿ, ಇದ್ದವರನ್ನು ಎಬ್ಬಿಸುವ ನೋಟೀಸಿಗೆ ಹಾಕಿದ ಚಿತ್ತಾರವಾಗುತ್ತದೆ. ಎರಡನೆಯದು, ಪ್ಯಾರಿಸಿನಲ್ಲಿ ನಡೆದಂತೆ, ಕೆಲಸ ನಡೆಯುವ ಕಾಲದಲ್ಲಿಯೂ ಸಂಸಾರಗಳು ಬಡಾವಣೆಯ ಎಲ್ಲೆಯೊಳಗೇ ಇರತಕ್ಕದ್ದೆಂಬ ಕರಾರು. ಪೌರಕಾರ್ಮಿಕರ ಕೆಲಸ ಬೆಳಗಿನ ಜಾವಕ್ಕೆ ಆರಂಭವಾಗುತ್ತದೆ.  ಅವರನ್ನು ಊರಾಚೆ ಹತ್ತು ಮೈಲಿ ದೂರದ ವಸತಿಗೆ ಕಳುಹಿಸಿದರೆ ಮನೆ ದೊರೆಯಬಹುದು, ಕೆಲಸ ಹೋಗುತ್ತದೆ. ಹೀಗಾಗಿ ಸಾಲುಸಾಲಾಗಿ, ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿಯುವ ಉಪಾಯವನ್ನು ನಕ್ಷೆಯೇ ತೋರಿಸಬೇಕು; ತೋರಿಸದ ನಕ್ಷೆಯನ್ನು ತೆರೆಯದೆಯೇ ಹಿಂದಕ್ಕೆ ಕಳುಹಿಸಬೇಕು.

ತೀರ್ಪುಗಾರರ ವಿಷಯ. ನಿಯಮದಂತೆ ವಾಸ್ತುಶಿಲ್ಪಿಗಳು ಅಲ್ಲಿರಲಿ. ಆದರೆ ಮರ್ಫಿ ಟೌನಿನ ನಿವಾಸಿಗಳೂ ಇರಲಿ, ಅವರಲ್ಲಿ ಹೆಂಗಸರು ಇರಲೇಬೇಕು. ಮನೆಯೊಳಗೆ ಹೆಚ್ಚು ಹೊತ್ತು ದುಡಿಯುವವರು ಅವರು. ಅಲ್ಲಿ ಅನೇಕರ ಮನೆಮಾತು ತಮಿಳು. ವಿಜ್ಞಾಪನೆಯೂ ನಕ್ಷೆಯ ವಿವರಣೆಯೂ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರಬೇಕು. ಇಂಗ್ಲಿಷಿನಲ್ಲಿ ಮಾತ್ರ ಬಂದರೆ ಅವರು ತೀರ್ಪಿನ ಮೇಜಿನಲ್ಲಿ ಗೊಂಬೆಗಳಂತೆ ಕುಳಿತಿರಬೇಕಾಗುತ್ತದೆ. ನಕ್ಷೆಯ ಗೆರೆಗಳನ್ನು ಓದುವುದು ಎಲ್ಲರಿಗೂ ಬರುವುದಿಲ್ಲ, ನಮಗೂ ಚೆನ್ನಾಗಿ ಬರುವುದಿಲ್ಲ. ಕೊನೆಯ ಸುತ್ತಿಗೆ ಬಂದ ಮೂರೋ ನಾಲ್ಕೋ ನಕ್ಷೆಗಳಂತೆ ಒಂದೊಂದು ಮನೆಯನ್ನು ಬಿದಿರು, ಬಟ್ಟೆ, ಹಲಗೆಗಳಿಂದ ನಿಜವಾದ ಅಳತೆಯಲ್ಲಿ ಬಯಲಿನಲ್ಲಿ ನಿಲ್ಲಿಸಿದರೆ, ಆ ಮನೆಯೊಳಗೆ ನಡೆದು, ಒಲೆ ಎಲ್ಲಿ, ಮುದುಕಿಯ ಚಾಪೆ ಎಲ್ಲಿ, ಸತ್ತವರನ್ನು ಹೊರಗೆ ತರುವಾಗ ಚಟ್ಟ ತಿರುಗುವುದೇ ಎಂಬುದನ್ನು ಯಾರೂ ಕಲಿಸದೆ ಜನ ಹೇಳಿಬಿಡುತ್ತಾರೆ.

ಇನ್ನೊಂದು ಸಂಶಯ ನಮಗಿದೆ. ಗೆದ್ದ ಒಂದೇ ನಕ್ಷೆಯನ್ನು ಇಡೀ ಊರಿಗೆ ಮುದ್ರೆಯೊತ್ತುವುದು ಅವಶ್ಯವೇ? ಪೆರು ದೇಶದ ಲೀಮಾ ನಗರದಲ್ಲಿ 1960ರ ದಶಕದ ಕೊನೆಯಲ್ಲಿ ಅಗ್ಗದ ಮನೆಗಳಿಗಾಗಿ ಪ್ರೆವಿ ಎಂಬ ಹೆಸರಿನ ಒಂದು ದೊಡ್ಡ ಪಂದ್ಯವಾಯಿತು. ಪೆರುವಿನ 13 ಮತ್ತು ಹೊರದೇಶಗಳ 13 ತಂಡಗಳು ಅದರಲ್ಲಿದ್ದವು. ಭಾರತದಿಂದ ಹೋದವರು ಚಾರ್ಲ್ಸ್ ಕೊರಿಯ. ಕೊನೆಗೆ ಒಂದನ್ನೇ ಆರಿಸಿ ಉಳಿದುದನ್ನು ಬಿಸುಡದೆ, ಬಹುಮಟ್ಟಿಗೆ ಎಲ್ಲ ಮಾದರಿಗಳಲ್ಲಿಯೂ ಕೆಲವು ಕೆಲವು ಮನೆಗಳನ್ನು ಕಟ್ಟಿದರು. ಸಂಸಾರ ಬೆಳೆದಂತೆ ಮನೆಯೂ ಬೆಳೆಯಬೇಕೆಂಬುದು ಅಲ್ಲಿಯ ಷರತ್ತು. ಜನ ಆ ಮಾತನ್ನು ಚೆನ್ನಾಗಿ ನಡೆಸಿಕೊಟ್ಟರು: ಮೇಲೆ ಏರಿಸಿದರು, ಅಂಗಡಿ ತೆರೆದರು, ಕೋಣೆ ಬಾಡಿಗೆಗೆ ಕೊಟ್ಟರು. ಮೂಲ ನಕ್ಷೆಯ ಗುರುತು ಸಿಕ್ಕದಂತಾದ ಮನೆಗಳೂ ಅಲ್ಲಿ ಉಂಟು. ಇದು ನಕ್ಷೆಯ ಸೋಲೆಂದು ಕೆಲವರು ಹೇಳುವರು. ನಮಗೆ ಅದು ಗೆಲುವಾಗಿ ಕಾಣುತ್ತದೆ.

ಈ ವಿಚಾರದಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿದ ಒಬ್ಬ ಮಹನೀಯರನ್ನು ನೆನೆಯದೆ ಇರಲಾರೆವು. ಬರ್ಲಿನ್ನಿನಲ್ಲಿ ಹುಟ್ಟಿದ ಆಟ್ಟೊ ಕೋನಿಗ್ಸ್‌ಬರ್ಗರ್ 1933ರಲ್ಲಿ ಜರ್ಮನಿಯ ಶಿಂಕೆಲ್ ಪ್ರಶಸ್ತಿಯ ನಕ್ಷಾಪಂದ್ಯವನ್ನು ಗೆದ್ದವರು. ಯಹೂದ್ಯರೆಂಬ ಕಾರಣಕ್ಕಾಗಿ ಅದೇ ದೇಶ ಅವರನ್ನು ಹೊರಗಟ್ಟಿತು. 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಅವರು ಮೈಸೂರು ಸರಕಾರದ ವಾಸ್ತುಶಿಲ್ಪಿಯಾಗಿ ಬಂದು 1948ರವರೆಗೆ ದುಡಿದರು. ಆಮೇಲೆ ದೆಹಲಿಯಲ್ಲಿ ಭಾರತ ಸರಕಾರದ ವಸತಿ ನಿರ್ದೇಶಕರಾದಾಗ, ಕಾರ್ಖಾನೆಯಲ್ಲಿ ಭಾಗಭಾಗವಾಗಿ ಎರಕ ಹೊಯ್ದು ಮನೆ ಕಟ್ಟುವ ಯೋಜನೆ ಅವರಿಗೆ ಕೈಗೂಡಲಿಲ್ಲ. ಅನಂತರ 1950ರ ದಶಕದಲ್ಲಿ ವಿಶ್ವಸಂಸ್ಥೆಯ ಪರವಾಗಿ ಈಗಿನ ಘಾನಾ ದೇಶಕ್ಕೆ ಹೋದಾಗ ಅವರೂ ಚಾರ್ಲ್ಸ್ ಏಬ್ರಾಮ್ಸ್ ಮೊದಲಾದವರೂ ಸೂಚಿಸಿದ್ದು ಬೇರೊಂದನ್ನು: ಗೋಡೆಯನ್ನು ಜನ ತಾವೇ ಎಬ್ಬಿಸಿಕೊಳ್ಳುತ್ತಾರೆ, ಅವರಿಗೆ ಕೈಗೆಟುಕದಿರುವುದು ಮಾಡು, ಸರಕಾರ ಮಾಡಿಗೆ ಸಾಲ ಕೊಡಲಿ ಎಂದು. ಪಂದ್ಯ ಗೆದ್ದ ಕೈ ಕೊನೆಗೆ ಇಂಥ ಸಣ್ಣ ಮಾತಿಗೆ ಬಂದು ನಿಂತಿತು. ಮರ್ಫಿ ಟೌನಿನ ಪಂದ್ಯದಲ್ಲಿ ಒಬ್ಬ ಸ್ಪರ್ಧಿ ಒಂದು ಹೊಸ ಕಟ್ಟಡವನ್ನೂ ಬರೆಯದೆ, ಚರಂಡಿ, ನೀರಿನ ಕೊಳಾಯಿ, ಗಟ್ಟಿಯಾದ ಮಾಡು, ಮೇಲೊಂದು ಅಂತಸ್ತು ಹೊರಬಲ್ಲ ಕಂಬ ಇವಿಷ್ಟನ್ನೇ ಬರೆದು ಕಳುಹಿಸಿದರೆ, ಆ ನಕ್ಷೆಯನ್ನು ತೀರ್ಪುಗಾರರು ಬಡಕಲೆಂದು ಪಕ್ಕಕ್ಕೆ ಸರಿಸದೆ ಎರಡು ಸಲ ನೋಡಬೇಕೆಂದು ನಮ್ಮ ಬಿನ್ನಹ.

ಹಣವೆಲ್ಲಿಂದ ಎಂದು ಕೇಳುವವರಿಗೆ ಒಂದು ಮಾತು. ಪಂದ್ಯದ ಖರ್ಚು, ಅಂದರೆ ಬಹುಮಾನ, ಸಂಭಾವನೆ, ತೀರ್ಪುಗಾರರ ಭತ್ಯ, ಬಿದಿರಿನ ಮಾದರಿ ಎಲ್ಲ ಸೇರಿದರೂ, ಕಟ್ಟಡದ ಖರ್ಚಿನ ಮುಂದೆ ಅತ್ಯಲ್ಪ. ಕಟ್ಟಡದ ಹಣ ಬೇರೆ ಪ್ರಶ್ನೆ. ನೆಲದಲ್ಲಿ ಪಾಲು ಕೊಟ್ಟು ಹಣ ಎತ್ತುವ ಆಸೆ ಆಡಳಿತಕ್ಕೆ ಬಂದೇ ಬರುತ್ತದೆ. ಬಂದರೆ ಎಷ್ಟು ಪಾಲು, ಯಾವ ಮೂಲೆಯಲ್ಲಿ ಎಂಬುದನ್ನು ಪಂದ್ಯ ಸಾರುವ ದಿನವೇ ಬಹಿರಂಗವಾಗಿ ಬರೆಯಲಿ. ಗೆದ್ದವರಿಗೆ ಬಹುಮಾನ ಕೊಟ್ಟು ಕೈಕುಲುಕಿ ಕಳುಹಿಸಿ, ಕೆಲಸವನ್ನು ಬೇರೆ ಯಾರಿಗೋ ಒಪ್ಪಿಸುವ ದುರಭ್ಯಾಸವೂ ನಮ್ಮ ದೇಶದಲ್ಲಿ ಉಂಟು. ಅದಕ್ಕೂ ವಿಜ್ಞಾಪನೆಯಲ್ಲಿಯೇ ಬೇಲಿ ಹಾಕಬೇಕು.

ಇಡೀ ಬಡಾವಣೆಯನ್ನು ಒಮ್ಮೆಗೇ ಹಿಡಿಯುವ ಧೈರ್ಯ ಆಡಳಿತಕ್ಕೆ ಇಲ್ಲದಿದ್ದರೆ ಒಂದೇ ಅಡ್ಡರಸ್ತೆಯನ್ನು, ಅದರ ಎರಡು ಬದಿಯ ಇಪ್ಪತ್ತು ಇಪ್ಪತ್ತೈದು ಮನೆಗಳನ್ನು, ಒಪ್ಪಿಗೆ ಕೊಟ್ಟ ಸಂಸಾರಗಳೊಡನೆ ಸೇರಿ ಪಂದ್ಯಕ್ಕೆ ಇಡಬಹುದು. ನಮ್ಮ ನಗರದಲ್ಲಿ ವಾಸ್ತುಶಿಲ್ಪ ಕಲಿಸುವ ಕಾಲೇಜುಗಳು ಹಲವಾಗಿವೆ. ಅವುಗಳ ವಿದ್ಯಾರ್ಥಿಗಳು ಬಾಗಿಲು ಬಾಗಿಲಿಗೆ ಹೋಗಿ ಅಳತೆ ತೆಗೆಯಲಿ. ಮುಂಗಾರು ಹಿಡಿಯುವುದಕ್ಕೆ ಮುಂಚೆ ಅಳತೆ ಮುಗಿದರೆ, ಮಳೆಗಾಲದಲ್ಲಿ ಯಾವ ಮಾಡು ಎಲ್ಲಿ ಸೋರುತ್ತದೆಂಬುದನ್ನು ಅದೇ ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳುವುದಕ್ಕೂ ಅನುಕೂಲವಾಗುತ್ತದೆ.